ಶನಿವಾರದ ಬಿಸಿನೀರು

ತೊಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯವರು ಬೆಳಗಿನ ಜಾವ ಮಗ್ಗ ಓಡಿಸಿ ಸಂಜೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಅಲ್ಲಿನ ಮನೆಗಳಲ್ಲಿ ಮುಂದಿನ ಅಂಕಣದಲ್ಲಿ ಪವರ್‌ಲೂಮು, ಹಿಂದಿನ ಕೋಣೆಗಳಲ್ಲಿ ಸಂಸಾರ. ದೀಪ ಹಚ್ಚುವ ಹೊತ್ತಾಗುತ್ತಲೇ ಮಗ್ಗ, ಗ್ರೈಂಡರು, ಇಸ್ತ್ರಿಪೆಟ್ಟಿಗೆ, ಟಿ.ವಿ. ಎಲ್ಲ ಒಟ್ಟಿಗೆ ಶುರುವಾಗಿ, ಬೀದಿ ಕೊನೆಯ ಹಳೆಯ ಟ್ರಾನ್ಸ್‌ಫಾರ್ಮರ್ ತಡೆಯಲಾರದೆ ಒದ್ದಾಡುತ್ತಿತ್ತು. ಬಲ್ಬುಗಳು ಕೆಂಪಗಾಗುತ್ತಿದ್ದವು. ಮಗ್ಗ ಮಧ್ಯದಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಹೊರಟಾಗ ಸೀರೆಯ ಮೇಲೆ ಒಂದು ಅಡ್ಡಗೆರೆ ಮೂಡುತ್ತಿತ್ತು. ಅಂಥ ಸೀರೆಯನ್ನು ಯಾವ ವ್ಯಾಪಾರಿಯೂ ಮುಟ್ಟುತ್ತಿರಲಿಲ್ಲ.

ಕರೆಂಟ್ ಆಫೀಸಿಗೆ ಹೊಸದಾಗಿ ಬಂದಿದ್ದ ಎಂಜಿನಿಯರು ಒಂದು ದಿನ ದೇವಸ್ಥಾನದ ಮುಂದೆ ಬೀದಿಯವರನ್ನು ಸೇರಿಸಿ ಮಾತಾಡಿದರು. ಈ ಕಡೆಗೆ ಬರುವುದು ಒಂದೇ ಹೊಸ ಟ್ರಾನ್ಸ್‌ಫಾರ್ಮರು, ಕೇಳುತ್ತಿರುವುದು ಮೂರು ಬೀದಿಯವರು. ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿನವರೆಗೆ ಯಾವ ಬೀದಿ ಕಡಿಮೆ ಕರೆಂಟು ಎಳೆಯುತ್ತದೋ, ಮಳೆಗಾಲಕ್ಕೆ ಮುಂಚೆ ಆ ಬೀದಿಗೇ ಅದನ್ನು ಹಾಕಿಸುವುದು ತಮ್ಮ ಜವಾಬ್ದಾರಿ ಎಂದರು. ಲೈನ್‌ಮನ್ ಮುನಿಸ್ವಾಮಿ ಕಂಬದ ಮೇಲಿನ ಮೀಟರು ನೋಡಿಕೊಂಡು ಬಂದು ಹೇಳುತ್ತಾನೆ ಎಂದರು.

ಗಂಡಸರು ಮಗ್ಗದ ವಿಷಯ ತಾವೇ ತೀರ್ಮಾನ ಮಾಡಿದರು. ಮನೆಯೊಳಗಿನ ವಿಷಯ ಬಂದಾಗ ಬೀದಿಗೆ ಹಿರಿಯನಾದ ಅಪ್ಪಯ್ಯಣ್ಣ ತಲೆ ಕೆರೆದುಕೊಂಡ.

"ಹೆಂಗಸರಿಗೆ ನಾವು ಹೇಳಿದ್ರೆ ಜಗಳ ಆಗ್ತದೆ. ಆದಿಲಕ್ಷ್ಮಮ್ಮ ಹೋದ್ರೆ ಯಾರೂ ಇಲ್ಲ ಅನ್ನಲ್ಲ."

ಅದು ನಿಜವೇ. ದೊಡ್ಡವೆಂಕಟಪ್ಪನ ಹೆಂಡತಿ ಆದಿಲಕ್ಷ್ಮಮ್ಮ ಯಾರ ಮನೆಯ ಹೆರಿಗೆಗಾದರೂ ಕರೆಯದೆ ಹೋಗುತ್ತಿದ್ದಳು, ಯಾರ ಜಗಳವನ್ನಾದರೂ ಬಾಗಿಲಲ್ಲೇ ನಿಂತು ಬಿಡಿಸುತ್ತಿದ್ದಳು. ಅವಳು ಮನೆ ಮನೆಗೆ ಹೋದಳು. ಇಸ್ತ್ರಿ ಮಧ್ಯಾಹ್ನ ಮಾಡಿಕೊಳ್ಳಿ, ಮಿಕ್ಸಿ ಬೆಳಗ್ಗೆ ಹಾಕಿಕೊಳ್ಳಿ, ಕಾಯಿಲ್ ಹಾಕಿ ನೀರು ಕಾಯಿಸುವುದಂತೂ ಸಂಜೆ ಹೊತ್ತು ಬೇಡವೇ ಬೇಡ ಎಂದಳು. "ಒಂದು ಕಾಯಿಲ್ ಎಳೆಯೋ ಕರೆಂಟಲ್ಲಿ ಇಡೀ ಬೀದಿ ದೀಪ ಉರೀತವಂತೆ ಕಣ್ರೇ" ಎಂದು ಎಂಜಿನಿಯರ ಮಾತನ್ನು ತನ್ನದೇ ಮಾಡಿಕೊಂಡು ಹೇಳಿದಳು. ಬೈರಮ್ಮ ಒಬ್ಬಳು ಗೊಣಗಿದಳು. ಉಳಿದವರೆಲ್ಲ ಒಪ್ಪಿದರು.

ಎಲ್ಲರಿಗಿಂತ ಕಷ್ಟವಾದದ್ದು ಪಾಪಕ್ಕನಿಗೆ. ಗಂಡ ಸತ್ತ ಮೇಲೆ ಅವಳು ಬೀದಿಯವರಿಗೆಲ್ಲ ಇಡ್ಲಿ ದೋಸೆಗೆ ಹಿಟ್ಟು ರುಬ್ಬಿಕೊಟ್ಟು ಜೀವನ ಮಾಡುತ್ತಿದ್ದಳು. ಸಂಜೆ ರುಬ್ಬಿದರೆ ಬೆಳಗ್ಗೆಗೆ ಹಿಟ್ಟು ಸರಿಯಾಗಿ ಉಬ್ಬಿರುತ್ತದೆ. ಮಧ್ಯಾಹ್ನವೇ ರುಬ್ಬಿಟ್ಟರೆ ಆ ಸೆಕೆಗೆ ಹುಳಿ ಬಂದುಬಿಡುತ್ತದೆ. ಆದಿಲಕ್ಷ್ಮಮ್ಮ ಅವಳ ಮನೆಗೆ ಹೋದಾಗ ಹೇಗೆ ಹೇಳುವುದೆಂದು ತಡವರಿಸಿದಳು. ಪಾಪಕ್ಕ ತಾನೇ ಮಾತು ಎತ್ತಿದಳು.

"ನನ್ನ ಗ್ರೈಂಡರ್ ವಿಷಯ ತಾನೇ ಅಕ್ಕ? ಸಂಜೆ ಹಾಕಲ್ಲ ಬಿಡಿ. ನೀವು ಬಂದು ಕೇಳೋ ಹಾಗಾಯ್ತಲ್ಲ ಅಂತ ನಂಗೇ ನಾಚಿಕೆ."

ಮೊದಲ ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ಸಂಜೆ ಬೀದಿ ಸುಮ್ಮನಿರುತ್ತಿತ್ತು. ಮಗ್ಗಗಳ ಸದ್ದಿಲ್ಲದ ಹೊತ್ತಿನಲ್ಲಿ ಜನ ಜಗುಲಿಯ ಮೇಲೆ ಕೂತು ಮಾತಾಡುವುದನ್ನು ಹೊಸದಾಗಿ ಕಲಿತರು. ಮುನಿಸ್ವಾಮಿ ಸೈಕಲ್ ನಿಲ್ಲಿಸಿ, "ನಿಮ್ಮ ಬೀದೀನೇ ಮುಂದಿದೆ ಕಣಣ್ಣ" ಎಂದು ಅಪ್ಪಯ್ಯಣ್ಣನಿಗೆ ಹೇಳಿ ಹೋಗುತ್ತಿದ್ದ. ಜನ ಆದಿಲಕ್ಷ್ಮಮ್ಮನನ್ನು ಹೊಗಳಿದರು. ಹೊಗಳಿಕೆ ಅವಳಿಗೆ ಹಿಡಿಸಿತು.

ಅದೇ ಹೊತ್ತಿಗೆ ಅವಳ ಮಗಳು ಬನಶಂಕರಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಳಿಯ ರವಿಚಂದ್ರ ಹೊಸಕೋಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಒಂದು ಶನಿವಾರ ಸಂಜೆ ಮಗು ನೋಡಲು ಬಂದ. ಎರಡು ಬಸ್ಸು ಬದಲಾಯಿಸಿ, ಮೈಯೆಲ್ಲ ಧೂಳು ಮೆತ್ತಿಕೊಂಡು ಬಂದಿದ್ದ. ಸ್ನಾನ ಮಾಡಿ ಮಗು ಎತ್ತಿಕೊಳ್ಳುತ್ತೇನೆ ಎಂದ. ಬಚ್ಚಲ ಒಲೆ ಆರಿಹೋಗಿತ್ತು. ಸೌದೆ ಹಸಿ. ಆದಿಲಕ್ಷ್ಮಮ್ಮ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳೇ ಹೊರತು ಉರಿ ಹತ್ತಲಿಲ್ಲ. ಹೊಗೆ ನಡುಮನೆಗೆಲ್ಲ ಹರಡಿತು. ಮಗು ಕೆಮ್ಮಿತು. ಅಳಿಯ ಟವೆಲು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ.

"ಕಾಯಿಲ್ ಇಲ್ವಾ ಅತ್ತೆ?" ಎಂದು ಸುಮ್ಮನೆ ಕೇಳಿದ.

ಇದೆ, ಆದರೆ ಸಂಜೆ ಹಾಕುವಂತಿಲ್ಲ ಎಂದು ಹೇಳಿದ್ದರೆ ಅವನು ತಣ್ಣೀರಲ್ಲೇ ಮಿಂದು ಬರುತ್ತಿದ್ದನೋ ಏನೋ. ಆದರೆ ಅವನ ಅಮ್ಮ ಮದುವೆಯಲ್ಲಿ, "ನಿಮ್ಮ ಮಗ್ಗದ ಮನೆ ಇಕ್ಕಟ್ಟು ನಮ್ಮ ಹುಡುಗನಿಗೆ ಅಭ್ಯಾಸ ಇಲ್ಲ" ಎಂದಿದ್ದ ಮಾತು ಆದಿಲಕ್ಷ್ಮಮ್ಮನ ಮನಸ್ಸಿನಲ್ಲಿ ಇನ್ನೂ ಕೂತಿತ್ತು. ಅವಳು ಅಟ್ಟದ ಮೇಲಿನಿಂದ ಕಾಯಿಲ್ ತೆಗೆದು ಬಕೆಟ್ಟಿಗೆ ಇಳಿಬಿಟ್ಟು ಸ್ವಿಚ್ಚು ಹಾಕಿದಳು. ಬಚ್ಚಲಿನ ಬಲ್ಬು ಒಂದು ಕ್ಷಣ ಕುಗ್ಗಿ ಮತ್ತೆ ಬೆಳಗಿತು. ಅವಳು ಬಚ್ಚಲ ಬಾಗಿಲು ಮುಂದಕ್ಕೆ ಎಳೆದುಕೊಂಡು, ನೀರು ಕಾಯುವವರೆಗೂ ಅಲ್ಲೇ ನಿಂತಳು. ಏನೂ ಆಗಲಿಲ್ಲ. ಒಂದು ದಿನದ ಮಾತು, ಏನಾಗುತ್ತೆ ಎಂದುಕೊಂಡಳು.

ಮುಂದಿನ ಶನಿವಾರವೂ ಅಳಿಯ ಬಂದ. ಆಮೇಲಿನ ಶನಿವಾರವೂ ಬಂದ. ಅವನು ಬರುವುದು ಮೊದಲೇ ಗೊತ್ತಿದ್ದರೂ ಒಲೆ ಹಚ್ಚಿಡಬೇಕೆಂಬುದು ಅವಳಿಗೆ ನೆನಪಾಗುತ್ತಿರಲಿಲ್ಲ. ನೆನಪಾದರೂ, ಕಾಯಿಲ್ ಇದೆಯಲ್ಲ ಎಂದು ಕೈ ಸೋಮಾರಿಯಾಗುತ್ತಿತ್ತು. ಆ ಹೊತ್ತಿನಲ್ಲಿ ಗಂಡ ನೇಕಾರರ ಸಂಘದ ಕಟ್ಟೆಯಲ್ಲಿರುತ್ತಿದ್ದ. ಮಗಳು ಕೋಣೆಯಲ್ಲಿ. ಸದ್ದಿಲ್ಲದ ಸಾಮಾನದು, ಗೋಡೆಯಾಚೆ ಯಾರಿಗೂ ಕೇಳುವಂತಿರಲಿಲ್ಲ.

ಮುನಿಸ್ವಾಮಿ ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದ. "ಬೇರೆ ದಿನ ಸರಿಯಾಗೇ ಇದೆ ಕಣಣ್ಣ. ಶನಿವಾರ ಯಾಕೋ ಏರ್ತಾ ಇದೆ" ಎಂದ. ಅಪ್ಪಯ್ಯಣ್ಣ ಅದನ್ನು ಆದಿಲಕ್ಷ್ಮಮ್ಮನಿಗೆ ಬಂದು ಹೇಳಿದ. ಅವಳು ಅಕ್ಕಿ ಆರಿಸುತ್ತಾ, "ಎಲ್ಲರಿಗೂ ಇನ್ನೊಂದ್ಸಲ ಹೇಳ್ತೀನಿ ಬಿಡಿ" ಎಂದಳು. ಹೇಳಿಯೂ ಹೇಳಿದಳು. ಇನ್ನು ಸಾಕು ಎಂದು ಮನಸ್ಸಿನಲ್ಲೇ ನಿಶ್ಚಯವನ್ನೂ ಮಾಡಿದಳು. ಆದರೆ ಆ ಶನಿವಾರ ಅಳಿಯನ ಜೊತೆ ಅವನ ಅಮ್ಮನೂ ಬಂದಿಳಿದಳು. ಇಬ್ಬರಿಗೂ ನೀರು ಬೇಕಾಯಿತು. ಎರಡನೇ ಬಕೆಟ್ಟು ಕಾಯುತ್ತಿದ್ದಾಗ ಬೀದಿ ಕೊನೆಯಲ್ಲಿ ಟಪ್ ಎಂದು ಸದ್ದಾಗಿ ಇಡೀ ಬೀದಿ ಕತ್ತಲಾಯಿತು.

ಟ್ರಾನ್ಸ್‌ಫಾರ್ಮರಿನ ಫ್ಯೂಸು ಸುಟ್ಟುಹೋಗಿತ್ತು. ಆದಿಲಕ್ಷ್ಮಮ್ಮ ಕತ್ತಲಲ್ಲೇ ಕಾಯಿಲ್ ಕಿತ್ತು, ಬಿಸಿಯಿದ್ದಂತೆಯೇ ಸೆರಗಿನಲ್ಲಿ ಸುತ್ತಿಕೊಂಡು ಅಟ್ಟಕ್ಕೆ ಎಸೆದಳು. ಅಂಗೈ ಚುರ್ ಎಂದಿತು.

ಮಾರನೆಯ ಬೆಳಗ್ಗೆ ಅಪ್ಪಯ್ಯಣ್ಣ, ಬೈರಮ್ಮ, ಇನ್ನೂ ನಾಲ್ಕೈದು ಜನ ಅವಳ ಬಾಗಿಲಿಗೆ ಬಂದರು. ಬೀಗಿತ್ತಿ ಒಳಗೆ ಕಾಫಿ ಕುಡಿಯುತ್ತಿದ್ದಳು. ಆದಿಲಕ್ಷ್ಮಮ್ಮ ಸುಟ್ಟ ಅಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸಿಕ್ತು ಬನ್ರಮ್ಮ" ಎಂದ ಅಪ್ಪಯ್ಯಣ್ಣ. "ನನ್ನ ಹಿತ್ತಲಿಗೂ ಪಾಪಕ್ಕನ ಹಿತ್ತಲಿಗೂ ಒಂದೇ ಗೋಡೆ. ನಿನ್ನೆ ಕರೆಂಟ್ ಹೋಗೋ ಹೊತ್ತಲ್ಲಿ ಗರಗರ ಅಂತ ರುಬ್ಬೋ ಸದ್ದು ನಾನೇ ಕೇಳಿದೀನಿ. ಭಾನುವಾರಕ್ಕೆ ಹಿಟ್ಟು ಜಾಸ್ತಿ ಬೇಕಲ್ಲ, ಅದಕ್ಕೇ ಶನಿವಾರ ಹಾಕ್ತಾಳೆ. ನೀವು ಮುಂದೆ ನಡೀರಿ, ನೀವೇ ಕೇಳಿ."

ಅವಳು ಹೊರಟಳು. ಪಾಪಕ್ಕ ಹಿತ್ತಲು ಗುಡಿಸುತ್ತಿದ್ದಳು. ಜನರನ್ನು ಕಂಡು ಪೊರಕೆ ಹಿಡಿದೇ ನಿಂತಳು. ಅಪ್ಪಯ್ಯಣ್ಣ ವಿಷಯ ಹೇಳಿದ.

"ಗ್ರೈಂಡರ್ ಮುಟ್ಟಿಲ್ಲಣ್ಣ. ಮಧ್ಯಾಹ್ನದ ಹಿಟ್ಟು ಹುಳಿ ಅಂತ ನಾಲ್ಕು ಮನೆಯೋರು ಬಿಟ್ಟೋದ್ರು. ಅದಕ್ಕೆ ಸಂಜೆ ಒರಳಲ್ಲಿ ಕೈಯಲ್ಲೇ ರುಬ್ತಾ ಇದೀನಿ."

"ಮನೇಲಿ ಗ್ರೈಂಡರ್ ಇಟ್ಕೊಂಡು ಯಾರಾದ್ರೂ ಕೈಯಲ್ಲಿ ರುಬ್ತಾರಾ?" ಎಂದಳು ಬೈರಮ್ಮ. ಯಾರೋ ಹಿಂದಿನಿಂದ ನಕ್ಕರು.

ಬೇಡಿಕೊಳ್ಳುವುದು ಪಾಪಕ್ಕನಿಗೆ ಬರುತ್ತಿರಲಿಲ್ಲ. ಪೊರಕೆ ಹಿಡಿದಿದ್ದ ಅವಳ ಬಲಗೈಯನ್ನು ಆದಿಲಕ್ಷ್ಮಮ್ಮ ಕಂಡಳು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದು ಚರ್ಮ ಸುಲಿದಿತ್ತು. ಗೋಡೆಯ ಬುಡದಲ್ಲಿದ್ದ ಒರಳುಕಲ್ಲಿನ ಅಂಚಿನಲ್ಲಿ ಉದ್ದಿನ ಹಿಟ್ಟು ಒಣಗಿ ಅಂಟಿತ್ತು. ಬೇರೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಎಲ್ಲರೂ ಆದಿಲಕ್ಷ್ಮಮ್ಮನ ಮುಖ ನೋಡುತ್ತಿದ್ದರು.

"ನೀವೇ ಹೇಳಿ ಅಕ್ಕ" ಎಂದಳು ಪಾಪಕ್ಕ.

ಆದಿಲಕ್ಷ್ಮಮ್ಮನ ಸುಟ್ಟ ಅಂಗೈ ಸೆರಗಿನೊಳಗಿತ್ತು. ಬೀಗಿತ್ತಿ ಹಿತ್ತಲ ಬಾಗಿಲ ತನಕ ಬಂದು ಇಣುಕುತ್ತಿದ್ದದ್ದು ಅವಳಿಗೆ ಓರೆಗಣ್ಣಿನಲ್ಲಿ ಕಾಣುತ್ತಿತ್ತು.

"ಹೋಗ್ಲಿ ಬಿಡ್ರಪ್ಪ" ಎಂದಳು. "ಒಂಟಿ ಹೆಂಗಸು, ಹೊಟ್ಟೆಪಾಡು. ಆಗಿದ್ದು ಆಯ್ತು. ಇನ್ಮೇಲೆ ಹಾಗೆ ಮಾಡಲ್ಲ."

ತನ್ನ ಬಾಯಿಂದ ಬಂದ ಆ ಮಾತು ಎಷ್ಟು ಮೃದುವಾಗಿತ್ತೆಂದರೆ ಅಲ್ಲಿದ್ದವರಿಗೆಲ್ಲ ಅವಳು ದೊಡ್ಡ ಮನಸ್ಸಿನವಳಾಗಿ ಕಂಡಳು. ಪಾಪಕ್ಕನ ತಪ್ಪು ಆ ಮಾತಿನಿಂದಲೇ ಖಾಯಂ ಆಯಿತು ಎಂಬುದು ಆದಿಲಕ್ಷ್ಮಮ್ಮನಿಗೆ ಮಾತು ಮುಗಿಯುವ ಮುಂಚೆಯೇ ಗೊತ್ತಾಗಿತ್ತು. ವಾಪಸು ತೆಗೆದುಕೊಳ್ಳಲು ಒಂದು ಉಸಿರಿನಷ್ಟು ಹೊತ್ತಿತ್ತು. ಅವಳು ತೆಗೆದುಕೊಳ್ಳಲಿಲ್ಲ. ಅಪ್ಪಯ್ಯಣ್ಣ ಮುನಿಸ್ವಾಮಿಯನ್ನು ಕರೆಸಿ ಗ್ರೈಂಡರಿನ ಲೈನಿನ ಫ್ಯೂಸು ಬಿಚ್ಚಿಸಿದ. ಮಳೆಗಾಲದ ತನಕ ತನ್ನ ಬಳಿಯೇ ಇರಲಿ ಎಂದು ಜೇಬಿಗೆ ಹಾಕಿಕೊಂಡ.

ಆಮೇಲೆ ಆದಿಲಕ್ಷ್ಮಮ್ಮ ಕಾಯಿಲ್ ಮುಟ್ಟಲಿಲ್ಲ. ಶನಿವಾರ ಬೆಳಗ್ಗೆಯೇ ಒಣ ಸೌದೆ ತರಿಸಿ, ಮಧ್ಯಾಹ್ನದಿಂದಲೇ ಹಂಡೆ ಕಾಯಿಸಿಟ್ಟಳು. ರವಿಚಂದ್ರ ಸ್ನಾನ ಮುಗಿಸಿ ಬಂದು, "ಹಂಡೆ ನೀರಿನ ಸುಖ ಆ ಕಾಯಿಲ್ ನೀರಿಗಿಲ್ಲ ಅತ್ತೆ" ಎಂದು ನಗುತ್ತಾ ಮಗು ಎತ್ತಿಕೊಂಡ. ಇಷ್ಟಕ್ಕಾ ನಾನು ಅಷ್ಟೆಲ್ಲ ಮಾಡಿದ್ದು ಎಂದು ಅವಳಿಗೆ ಒಳಗೇ ಸಂಕಟವಾಯಿತು.

ಇನ್ನೂ ಹೆಚ್ಚು ಸಂಕಟ ಕೊಟ್ಟದ್ದು ಮೀಟರು. ಶನಿವಾರ ಏರುತ್ತಿದ್ದ ಕರೆಂಟು ಈಗ ಏರಲಿಲ್ಲ. "ನೋಡಿದ್ರಾ, ಫ್ಯೂಸ್ ಕಿತ್ತ ಮೇಲೆ ಸರಿಹೋಯ್ತು" ಎಂದು ಅಪ್ಪಯ್ಯಣ್ಣ ಜಗುಲಿ ಜಗುಲಿಯ ಮೇಲೆ ಹೇಳಿದ. ಅನುಮಾನವಿದ್ದ ಒಂದಿಬ್ಬರಿಗೂ ಅದರಿಂದ ಖಾತ್ರಿಯಾಯಿತು. ತಾನು ತಪ್ಪು ನಿಲ್ಲಿಸಿದ್ದೇ ಪಾಪಕ್ಕನ ಮೇಲೆ ಸಾಕ್ಷಿಯಾಯಿತಲ್ಲ ಎಂದು ಆದಿಲಕ್ಷ್ಮಮ್ಮನಿಗೆ ಅನ್ನ ಸೇರದಾಯಿತು. ಒಂದು ಶನಿವಾರ ಸುಮ್ಮನೆ ಕಾಯಿಲ್ ಹಾಕಿಬಿಟ್ಟರೆ ಪಾಪಕ್ಕ ಅಲ್ಲ ಎಂದು ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು. ಹೇಳುವ ಧೈರ್ಯವಿಲ್ಲದೆ ಇಂಥ ದಾರಿ ಹುಡುಕುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಪಾಪಕ್ಕನ ಬಳಿ ಹಿಟ್ಟು ಕೊಳ್ಳುವವರು ಒಬ್ಬೊಬ್ಬರಾಗಿ ಪಕ್ಕದ ಬೀದಿಗೆ ಹೋಗತೊಡಗಿದರು. ಕೆಲವರಿಗೆ ಕೋಪ. ಕೆಲವರಿಗೆ ಕೈಯಲ್ಲಿ ರುಬ್ಬಿದ ಹಿಟ್ಟು ಸಾಲುತ್ತಿರಲಿಲ್ಲ. ಆದಿಲಕ್ಷ್ಮಮ್ಮ ಬೇಡದಿದ್ದರೂ ದಿನಾ ಪಾತ್ರೆ ಕಳಿಸಿ ಹಿಟ್ಟು ತರಿಸಿದಳು. ಮನೆಯಲ್ಲಿ ದೋಸೆ ತಿಂದು ತಿಂದು ದೊಡ್ಡವೆಂಕಟಪ್ಪ ಬೇಸತ್ತ. ಒಮ್ಮೆ ಬೀದಿಯಲ್ಲಿ ಎದುರಾದಾಗ ಪಾಪಕ್ಕ ಬಲ ಭುಜ ಒತ್ತಿಕೊಳ್ಳುತ್ತಾ, "ನೀವೊಬ್ರು ಬಿಡಲಿಲ್ಲ ನೋಡಿ ಅಕ್ಕ" ಎಂದಳು. ಆದಿಲಕ್ಷ್ಮಮ್ಮ ಏನೋ ಕೆಲಸದ ನೆಪ ಹೇಳಿ ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತುಬಿಟ್ಟಳು.

ಮಳೆ ಹಿಡಿಯುವ ಮೊದಲೇ ಪಾಪಕ್ಕ ಮನೆಗೆ ಬೀಗ ಹಾಕಿ ದೇವನಹಳ್ಳಿ ಕಡೆಯ ವಿಜಯಪುರಕ್ಕೆ ಹೊರಟುಹೋದಳು. ಅಲ್ಲಿ ಅವಳ ಅಕ್ಕ ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಹೋಗುವಾಗ ಯಾರಿಗೂ ಹೇಳಲಿಲ್ಲ. ಹೊಸ ಟ್ರಾನ್ಸ್‌ಫಾರ್ಮರು ಆ ಬೀದಿಗೇ ಬರುತ್ತದೆಂಬ ಸುದ್ದಿ ಅದೇ ವಾರ ಬಂತು.

ಆ ಸಂಜೆ ಆದಿಲಕ್ಷ್ಮಮ್ಮ ಗಂಡನಿಗೆ ಎಲ್ಲವನ್ನೂ ಹೇಳಿದಳು. ದೊಡ್ಡವೆಂಕಟಪ್ಪ ಎದ್ದು ಹೋಗಿ ಬೀದಿ ಬಾಗಿಲು ಮುಂದಕ್ಕೆ ಎಳೆದು ಬಂದ.

"ಈಗ ಹೇಳಿದ್ರೆ ಏನಾಗ್ತದೆ? ಅವಳು ಹೋಗಿ ಆಯ್ತು. ಬೀಗರ ಕಿವಿಗೆ ಬಿದ್ರೆ ನಮ್ಮ ಹುಡುಗಿ ಮುಖ ಎತ್ಕೊಂಡು ತಿರುಗಬೇಕಲ್ಲ."

"ಅವಳು ಮುಖ ಎತ್ಕೊಂಡು ತಿರುಗಬೇಕಾಗಿರಲಿಲ್ವಾ?"

"ಯಾರು?"

"ಪಾಪಕ್ಕ."

ಅವನು ಬೇಡ ಎಂದು ಮತ್ತೆ ಹೇಳಲಿಲ್ಲ.

ಟ್ರಾನ್ಸ್‌ಫಾರ್ಮರಿಗೆ ಪೂಜೆ ಇಟ್ಟುಕೊಂಡರು. ಕಂಬಕ್ಕೆ ಹೂವು ಸುತ್ತಿದರು. ಎಂಜಿನಿಯರು ಬಂದರು. ಅಪ್ಪಯ್ಯಣ್ಣ ಆರತಿ ತಟ್ಟೆ ತಂದು ಆದಿಲಕ್ಷ್ಮಮ್ಮನ ಮುಂದೆ ಹಿಡಿದ. "ಇದು ನಿಮ್ಮಿಂದಾದ ಕೆಲಸ, ನೀವೇ ಬೆಳಗಬೇಕು" ಎಂದ. ಅವಳು ತಟ್ಟೆ ಮುಟ್ಟಲಿಲ್ಲ.

"ನನ್ನ ಕೈಲಿ ಬೇಡ. ಶನಿವಾರ ಶನಿವಾರ ಕಾಯಿಲ್ ಹಾಕ್ತಿದ್ದೋಳು ನಾನು. ಅಳಿಯನ ಸ್ನಾನಕ್ಕೆ. ಅವತ್ತು ಫ್ಯೂಸ್ ಹೋಗಿದ್ದೂ ನನ್ನಿಂದ. ಪಾಪಕ್ಕ ಒರಳಲ್ಲೇ ರುಬ್ತಿದ್ಳು, ನಾನು ಅವಳ ಕೈ ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ."

ಬೈಗುಳಕ್ಕೆ ಅವಳು ತಲೆ ತಗ್ಗಿಸಿ ಕಾದಳು. ಯಾರೂ ಬೈಯಲಿಲ್ಲ. ಎಂಜಿನಿಯರು ಗಡಿಯಾರ ನೋಡಿಕೊಂಡರು. ಅಪ್ಪಯ್ಯಣ್ಣ ಮೊದಲು ಕೆಳಗೆ ನೋಡಿದ, ಆಮೇಲೆ ಗಂಟಲು ಸರಿಮಾಡಿಕೊಂಡ.

"ಹೋಗ್ಲಿ ಬಿಡಿ ಆದಿಲಕ್ಷ್ಮಮ್ಮ. ಅಳಿಯ ಬಂದಾಗ ಯಾರು ತಾನೇ ಮಾಡಲ್ಲ? ಟ್ರಾನ್ಸ್‌ಫಾರ್ಮರ್ ಬಂತಲ್ಲ, ಸಾಕು."

"ಬಾಣಂತಿ ಮನೆ ಬೇರೆ" ಎಂದಳು ಬೈರಮ್ಮ. ಒಬ್ಬರು ನಕ್ಕರು, ಅದು ಹಗುರಾದ ನಗು. ಯಾರೋ ತಟ್ಟೆ ತೆಗೆದುಕೊಂಡು ತಾವೇ ಬೆಳಗಿದರು. ಕಾಯಿ ಒಡೆದರು. ಎಲ್ಲರಿಗೂ ಕಾಯಿ ಬೆಲ್ಲದ ಚರುಪು ಹಂಚಿದರು, ಅವಳ ಕೈಗೂ ಹಾಕಿದರು. ಪಾಪಕ್ಕನ ವಿಷಯ ಯಾರೂ ಎತ್ತಲಿಲ್ಲ. ತನ್ನನ್ನು ಇಷ್ಟು ಸುಲಭವಾಗಿ ಕ್ಷಮಿಸಿಬಿಟ್ಟ ಜನ ಆ ಹೆಂಗಸಿನ ಮಾತನ್ನು ಮಾತ್ರ ನಂಬಲಿಲ್ಲ ಎಂಬುದು ಆದಿಲಕ್ಷ್ಮಮ್ಮನಿಗೆ ಅಲ್ಲಿ ನಿಂತಿದ್ದಾಗ ಸ್ಪಷ್ಟವಾಯಿತು. ಆ ಜನರನ್ನು ಅನ್ನಲು ತನಗೆ ಬಾಯಿಲ್ಲ. ನಂಬಬೇಡಿ ಎಂದು ಮೊದಲು ಹೇಳಿಕೊಟ್ಟವಳು ತಾನೇ.

ಮಾರನೆಯ ದಿನ ಅವಳು ದೇವನಹಳ್ಳಿಗೆ ಹೋಗಿ, ಅಲ್ಲಿಂದ ವಿಜಯಪುರದ ಬಸ್ಸು ಹಿಡಿದಳು. ಕೇಳಿಕೊಂಡು ಕೇಳಿಕೊಂಡು ಆ ಘಟಕಕ್ಕೆ ಹೋದಳು. ಉದ್ದನೆಯ ಶೀಟಿನ ಕೊಠಡಿ, ಒಳಗೆಲ್ಲ ಹಬೆ, ಬೆಂದ ರೇಷ್ಮೆಗೂಡಿನ ವಾಸನೆ. ಪಾಪಕ್ಕ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡುಗಳಿಂದ ಎಳೆ ಹುಡುಕಿ ತೆಗೆಯುತ್ತಿದ್ದಳು. ಆದಿಲಕ್ಷ್ಮಮ್ಮನನ್ನು ಕಂಡದ್ದೇ ಎದ್ದುಬಂದಳು. ಅವಳ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗಾಗಿದ್ದವು.

"ಅಕ್ಕ, ನೋಡು ಬಾ" ಎಂದು ಪಕ್ಕದ ತೊಟ್ಟಿಯಲ್ಲಿದ್ದ ತನ್ನ ಅಕ್ಕನನ್ನು ಕರೆದಳು. "ನಾನು ಹೇಳ್ತಿರ್ತೀನಲ್ಲ, ಇವ್ರೇ. ಇಡೀ ಬೀದಿಯಲ್ಲಿ ನನ್ನ ಪರವಾಗಿ ಮಾತಾಡಿದ್ದು ಇವ್ರೊಬ್ರೇ."

ಆ ಅಕ್ಕ ಕೈ ಒರೆಸಿಕೊಂಡು ಬಂದು ಆದಿಲಕ್ಷ್ಮಮ್ಮನಿಗೆ ನಮಸ್ಕಾರ ಮಾಡಿದಳು. ಟೀ ತರುತ್ತೇನೆ ಎಂದು ಹೊರಟಳು. ಆದಿಲಕ್ಷ್ಮಮ್ಮ ಬೇಡವೆಂದು ಅವಳ ಕೈ ಹಿಡಿದು ನಿಲ್ಲಿಸಿ, ಇಬ್ಬರ ಮುಂದೆಯೂ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕಾಯಿಲ್, ಅಳಿಯ, ಅವತ್ತು ನಿನ್ನ ಕೈ ನೋಡಿದೆ ಎಂದು ಹೇಗೆ ಹೇಗೋ ಹೇಳಿ ಮುಗಿಸಿದಳು.

ಪಾಪಕ್ಕ ನಿಂತಲ್ಲೇ ನಿಂತಿದ್ದಳು. ಮುಖದ ಮೇಲಿದ್ದ ಸಂತೋಷ ತಕ್ಷಣ ಹೋಗಲಿಲ್ಲ, ಅದಕ್ಕೂ ಅರ್ಥವಾಗಲು ಹೊತ್ತು ಬೇಕಾದಂತೆ ನಿಧಾನವಾಗಿ ಹೋಯಿತು.

"ಬೀದಿಯೋರಿಗೆ ಹೇಳಿದ್ರಾ?"

"ನಿನ್ನೆ ಪೂಜೇಲಿ ಹೇಳ್ದೆ."

"ಏನಂದ್ರು?"

ಆದಿಲಕ್ಷ್ಮಮ್ಮ ಸುಳ್ಳು ಹೇಳಬಹುದಿತ್ತು. "ಹೋಗ್ಲಿ ಬಿಡಿ ಅಂದ್ರು" ಎಂದಳು.

ಪಾಪಕ್ಕ ತಲೆಯಾಡಿಸಿದಳು. ವಾಪಸು ಹೋಗಿ ತೊಟ್ಟಿಯ ಮುಂದೆ ಕೂತು ನೀರಿಗೆ ಕೈ ಇಳಿಸಿದಳು. ಎಳೆ ಸಿಗದೆ ಬೆರಳು ಅಲ್ಲೇ ತಡಕಾಡಿದವು.

"ವಾಪಸು ಬಾ ಪಾಪಕ್ಕ. ಎಲ್ಲರ ಎದುರಿಗೆ ಇನ್ನೊಂದ್ಸಲ ಹೇಳ್ತೀನಿ. ಗ್ರೈಂಡರಿನ ಫ್ಯೂಸ್ ನಾನೇ ಹಾಕಿಸ್ತೀನಿ."

"ಬರಲ್ಲ." ಆಮೇಲೆ, ಮುಖ ಎತ್ತದೆ, "ಅವರ ಮೇಲೆ ನಂಗೆ ಕೋಪ ಇತ್ತು, ಹೋಯ್ತು. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಿಮ್ಮನ್ನ ಬೈಯೋಕೆ ಇವತ್ತು ನನ್ನ ಕೈಲಿ ಆಗಲ್ಲ ಅಕ್ಕ. ಇಷ್ಟು ದಿನ ನಿಮ್ಮನ್ನ ನೆನೆಸಿಕೊಂಡೇ ಸಮಾಧಾನ ಮಾಡ್ಕೊತಿದ್ದೆ. ಇನ್ನೊಂದ್ಸಲ ಬನ್ನಿ, ಬೈತೀನಿ."

ಆದಿಲಕ್ಷ್ಮಮ್ಮ ಮುಂದಿನ ವಾರ ಮತ್ತೆ ಹೋದಳು. ಹೋಗಬೇಡ ಎಂದು ಗಂಡ ಹೇಳಿದ, ಮಗಳು ಅತ್ತಳು. ಪಾಪಕ್ಕ ಅವಳನ್ನು ಅಂಗಳದಲ್ಲಿ, ಗೂಡು ಆರಿಸುತ್ತಿದ್ದ ಹೆಂಗಸರ ಮುಂದೆಯೇ ನಿಲ್ಲಿಸಿಕೊಂಡು ಬೈದಳು. ಹುಳಿ ಬಂದ ಹಿಟ್ಟಿನಿಂದ ಶುರುಮಾಡಿದಳು. ಬಿಟ್ಟುಹೋದ ಮನೆಗಳನ್ನು ಒಂದೊಂದಾಗಿ ಹೆಸರಿಸಿದಳು. ಈಗಲೂ ಮೇಲೆತ್ತಲಾಗದ ತನ್ನ ಭುಜವನ್ನು ತೋರಿಸಿದಳು. "ಒಂಟಿ ಹೆಂಗಸು, ಹೊಟ್ಟೆಪಾಡು ಅಂದ್ರಲ್ಲ, ಆ ಮಾತು ನಿಮ್ಮ ಬಾಯಲ್ಲಿ ಹೆಂಗೆ ಬಂತು" ಎಂದು ಕೇಳಿದಳು. ಆದಿಲಕ್ಷ್ಮಮ್ಮ ಒಂದಕ್ಕೂ ಎದುರು ಹೇಳದೆ ನಿಂತು ಕೇಳಿದಳು.

ಮುಗಿದ ಮೇಲೆ ಪಾಪಕ್ಕ ಕೂತ್ಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಆದಿಲಕ್ಷ್ಮಮ್ಮ ಬಸ್ ಸ್ಟ್ಯಾಂಡಿಗೆ ನಡೆದು ಬಂದು ಕಲ್ಲುಬೆಂಚಿನ ಮೇಲೆ ಕೂತಳು. ಮನಸ್ಸು ಹಗುರವಾಗಬಹುದು ಎಂದುಕೊಂಡು ಬಂದಿದ್ದಳು. ಆಗಿರಲಿಲ್ಲ. ದೇವನಹಳ್ಳಿ ಬಸ್ಸು ಬಂದು ನಿಂತಿತು. ಕಂಡಕ್ಟರು ಬರ್ತೀರಾ ಎಂದು ಎರಡು ಸಲ ಕೇಳಿದ ಮೇಲೆ ಅವಳು ಎದ್ದು ಹತ್ತಿದಳು.